ಕ್ರಷರಿನ ಕಡೆಯ ವಾಲ್ವು

ಪ್ರಸನ್ನಕುಮಾರ್ ಡಬ್ಬಿಯನ್ನು ಕೈಗೆ ಕೊಡಲಿಲ್ಲ. ವಾಲ್ವಿನ ಕಟ್ಟೆಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡ.

"ತಗೋ ಲಕ್ಷ್ಮಕ್ಕ. ನಾಳೆ ಬೆಳಿಗ್ಗೆ ಚನ್ನಗಿರಿ ಆಸ್ಪತ್ರೆಗೆ ಕೊಡು. ನಿನ್ನ ಗಂಡಂದು ಅಂತ ಹೇಳು."

ಲಕ್ಷ್ಮಕ್ಕ ನೋಡಿದಳು. ಪ್ಲಾಸ್ಟಿಕ್ ಡಬ್ಬಿ. ಬಿಗಿದ ಮುಚ್ಚಳ. ಒಳಗೆ ಹಳದಿ ಕಫ. ಅವಳಿಗೆ ಓದು ಬರುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ನೋಡಿ ನೋಡಿ ಗಂಡನ ಹೆಸರಿನ ಅಕ್ಷರ ಮಾತ್ರ ಗುರುತಿದ್ದವು. ಡಬ್ಬಿಯ ಚೀಟಿಯ ಮೇಲೆ ಅದೇ ಅಕ್ಷರ ಇದ್ದವು. ಮೂಕಪ್ಪ. ಹೆಸರು ಅವನದು, ಕಫ ಅವನದಲ್ಲ.

"ಯಾರ್ದು ಸಾರ್ ಇದು?"

"ನಮ್ಮ ಆಳು ಪಾಪಣ್ಣಂದು. ಅವ್ನಿಗೆ ಟಿಬಿ ಐತಲ್ಲ. ಚೆಕ್ ಮಾಡಾಕೆ ಬೇಕು ಅಂದೆ, ಕೊಟ್ಟ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯುಗಾದಿಯಿಂದ ಈಚೆಗೆ ಅವಳಿಗೆ ಏನೂ ಬರುತ್ತಿರಲಿಲ್ಲ, ಅಳು ಕೂಡ.

ಸಂತೇಬೆನ್ನೂರಿನಿಂದ ಆಚೆ, ಗುಡ್ಡದ ಹಿಂದೆ ಜಯದೇವಪ್ಪನ ಕ್ರಷರ್. ಗುಡ್ಡ ಸಿಡಿಸಿ ಬಂಡೆ ತರುತ್ತಾರೆ. ಬಂಡೆ ಒಡೆದು ಜಲ್ಲಿ ಮಾಡುತ್ತಾರೆ, ಜಲ್ಲಿ ಪುಡಿ ಮಾಡಿ ಎಂ-ಸ್ಯಾಂಡ್ ಮಾಡುತ್ತಾರೆ. ಅದರಿಂದ ಪೇಟೆಯಲ್ಲಿ ಮನೆ ಏಳುತ್ತವೆ, ಇಲ್ಲಿ ಧೂಳು ಏಳುತ್ತದೆ. ಗುಡ್ಡದ ಮಗ್ಗುಲಿಗೆ ಹದಿನಾಲ್ಕು ತಗಡಿನ ಗುಡಿಸಲು. ಅವುಗಳಲ್ಲಿ ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯಿಂದ ಬಂದ ಕೇರಿಯ ಜನ. ಬೆಳಿಗ್ಗೆ ಕರಿ ಮೈಯಲ್ಲಿ ಹೋಗುತ್ತಾರೆ, ಸಂಜೆ ಬಿಳಿ ಮೈಯಲ್ಲಿ ಬರುತ್ತಾರೆ. ಹುಬ್ಬು, ರೆಪ್ಪೆ, ಉಣ್ಣುವ ತಟ್ಟೆ, ಮಗುವಿನ ತೊಟ್ಟಿಲಿಗೆ ಕಟ್ಟಿದ ಸೀರೆ, ಎಲ್ಲಾ ಬಿಳಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಗಾದೆ ಕಟ್ಟಿದವನು ಕ್ರಷರ್ ನೋಡಿರಲಿಲ್ಲ. ಇಲ್ಲಿ ಕೈಯಲ್ಲೂ ಧೂಳು, ಬಾಯಲ್ಲೂ ಧೂಳು.

ಕಾನೂನು ಇದೆ, ಇಲ್ಲ ಅನ್ನುವಂತಿಲ್ಲ. ಧೂಳು ಮೇಲೇಳದೆ ನೆಲಕ್ಕೆ ಕೂರಲಿ ಅಂತ, ಬಂಡೆ ಬೀಳುವ ಬಾಯಿಯ ಮೇಲೆ, ಬೆಲ್ಟಿನ ಉದ್ದಕ್ಕೂ, ನೀರು ಚಿಮುಕಿಸುವ ಪೈಪು ಹಾಕಿಸಿದ್ದಾರೆ. ಕ್ರಷರಿನ ಹೆಸರಿನಲ್ಲೇ ಬೋರ್ ಕೊರೆಸಿದ್ದಾರೆ. ಬೋರಿನ ದಪ್ಪ ಪೈಪು ಒಂದು ಸಿಮೆಂಟ್ ಕಟ್ಟೆಯ ಹತ್ತಿರ ಎರಡಾಗುತ್ತದೆ. ಎಡಕ್ಕೊಂದು ವಾಲ್ವು, ಬಲಕ್ಕೊಂದು. ಎಡಗಡೆಯದು ಜಯದೇವಪ್ಪನ ಎಂಟು ಎಕರೆ ಅಡಿಕೆ ತೋಟಕ್ಕೆ, ಬಲಗಡೆಯದು ಕ್ರಷರಿಗೆ. ಎಡಗಡೆಯದು ಯಾವಾಗಲೂ ತೆರೆದಿರುತ್ತದೆ. ಬಲಗಡೆಯದು ತೆರೆಯುವುದು ಯಾರಾದರೂ ಸಾಹೇಬರು ಜೀಪಿನಲ್ಲಿ ಬಂದಾಗ. ಸಾಹೇಬರು ಬರುವ ಸುದ್ದಿ ಯಾವ ಆಫೀಸಿನಿಂದಲೋ, ಸಾಹೇಬರಿಗಿಂತ ಒಂದು ಗಂಟೆ ಮೊದಲೇ ಬರುತ್ತದೆ. ಸೂಪರ್‌ವೈಸರ್ ಪ್ರಸನ್ನಕುಮಾರ್ ಆಫೀಸಿನ ಬಾಗಿಲಿಗೆ ಬಂದು ಟವೆಲ್ ಬೀಸುತ್ತಾನೆ. ಆಗ ಲಕ್ಷ್ಮಕ್ಕ ಎಡಗಡೆಯದು ಮುಚ್ಚಿ ಬಲಗಡೆಯದು ತಿರುಗಿಸಬೇಕು. ಎರಡಕ್ಕೂ ಕೆಂಪು ಬಣ್ಣದ ಕಬ್ಬಿಣದ ಚಕ್ರ. ನಟ್ಟುಗಳು ಸವೆದು, ತಿರುಗಿಸುವಾಗ ಚಕ್ರ ಕಳಚಿ ಅವಳ ಪಾದದ ಮೇಲೆ ಬಿದ್ದದ್ದೂ ಉಂಟು. ಒಂಬತ್ತು ವರ್ಷದಿಂದ ಅದು ಅವಳ ಕೆಲಸ.

ವರ್ಷಕ್ಕೆ ಮೂರೋ ನಾಲ್ಕೋ ಸಲ ಹಾಗೆ ನೀರು ಬೀಳುತ್ತಿತ್ತು. ಬೀಳುತ್ತಿದ್ದಂತೆ ಜನ ಮುಖಕ್ಕೆ ಸುತ್ತಿದ ಟವೆಲ್ ಬಿಚ್ಚುತ್ತಿದ್ದರು. ಪೈಪಿನ ಕೆಳಗೆ ನಿಂತು ಮುಖ ತೊಳೆಯುತ್ತಿದ್ದರು. "ಯಾರ್ ಬಂದಾರೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಸಾಹೇಬರು ಉಂಡು ಹೋಗುವ ತನಕ ಉಸಿರು. ಜೀಪು ರೋಡಿಗೆ ಹತ್ತಿದ ಮೇಲೆ ಮತ್ತೆ ಟವೆಲ್. ಯಾರೂ ಏನೂ ಅನ್ನುತ್ತಿರಲಿಲ್ಲ. ಅಡಿಕೆ ಮರ ಒಣಗಿದರೆ ಕಣ್ಣಿಗೆ ಕಾಣುತ್ತದೆ. ಆಳಿನ ಎದೆ ಒಣಗಿದರೆ ಯಾರಿಗೆ ಕಾಣುತ್ತದೆ?

ನೀರಿನ ಬದಲು ಜಯದೇವಪ್ಪ ಬೆಲ್ಲ ಕೊಡುತ್ತಿದ್ದ. ಸಂಜೆ ಸೈರನ್ ಆದ ಮೇಲೆ ತಲೆಗೊಂದು ತುಂಡು. ಹಂಚುವವಳು ಲಕ್ಷ್ಮಕ್ಕನೇ. ಬೆಲ್ಲ ತಿಂದರೆ ಧೂಳೆಲ್ಲ ಕಫದ ಜೊತೆ ಬಂದುಬಿಡುತ್ತದೆ ಅನ್ನುವುದು ಅಲ್ಲಿಯವರ ನಂಬಿಕೆ. ಬೆಲ್ಲ ಚೀಪುತ್ತಾ ಗುಡ್ಡದ ಕಲ್ಲುಗಳ ಮೇಲೆ ಸಾಲಾಗಿ ಕೂತು ಕೆಮ್ಮಿ ಕ್ಯಾಕರಿಸಿ ಉಗುಳುತ್ತಿದ್ದರು. ಬೂದಿ ಬಣ್ಣದ ಗಟ್ಟಿ ಕಫ ಬಿದ್ದರೆ ಖುಷಿ. "ಇವತ್ತಿಂದು ಇವತ್ತೇ ಬಂತು ನೋಡು" ಅನ್ನುತ್ತಿದ್ದರು. ಯಾರಿಗೆ ಜಾಸ್ತಿ ಬಿತ್ತೋ ಅವನು ಗಟ್ಟಿ ಆಳು. ಆ ಲೆಕ್ಕದಲ್ಲಿ ಮೂಕಪ್ಪನನ್ನು ಮೀರಿಸುವವರಿರಲಿಲ್ಲ. ಹನ್ನೊಂದು ವರ್ಷ ಬಂಡೆ ಬೀಳುವ ಬಾಯಿಯ ಪಕ್ಕದಲ್ಲೇ ನಿಂತವನು ಅವನು. ಬೇರೆಯವರಿಗೆ ಹೋಗುವ ಧೂಳೂ ಮೊದಲು ಅವನನ್ನು ಮಾತಾಡಿಸಿಕೊಂಡೇ ಹೋಗುತ್ತಿತ್ತು.

ಹೋದ ದಸರೆಯ ಹೊತ್ತಿಗೆ ಅವನ ಕಫ ನಿಂತಿತು. ಎಷ್ಟು ಕೆಮ್ಮಿದರೂ ಒಣ ಸದ್ದು. ಎದೆ ಖಾಲಿಯಾಯಿತು, ಧೂಳೆಲ್ಲ ಹೊರಟುಹೋಯಿತು ಎಂದು ಎಲ್ಲರೂ ಅಂದುಕೊಂಡರು. ಲಕ್ಷ್ಮಕ್ಕ ಸೊಕ್ಕೆಗೆ ಹೋಗಿ ಊರಮ್ಮನಿಗೆ ಕಾಯಿ ಒಡೆಸಿ ಬಂದಳು. ಹದಿನಾಲ್ಕು ಗುಡಿಸಲಿಗೂ ಪಾಯಸ ಕೊಟ್ಟಳು. ಜಯದೇವಪ್ಪ ಕಾರಿನ ಕಿಟಕಿ ಇಳಿಸಿ, "ನಮ್ಮ ಬೆಲ್ಲ ಅಂದ್ರೆ ಸುಮ್ನೆ ಅಲ್ಲ" ಅಂದ. ಯುಗಾದಿಗೆ ಮೂಕಪ್ಪ ಹತ್ತು ಹೆಜ್ಜೆ ನಡೆಯಲಾರದವನಾಗಿದ್ದ.

ಚನ್ನಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಧ್ಯಾರಾಣಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನು ಕೆಲಸ ಎಂದು ಕೇಳಿದರು. ಲಕ್ಷ್ಮಕ್ಕ ಹೇಳಿದಳು.

"ಕ್ರಷರಲ್ಲಿ ಜಲ್ಲಿ ಮೇಲಕ್ಕೆ ಹೊತ್ಕೊಂಡು ಹೋಗೋ ಬೆಲ್ಟ್ ಇರುತ್ತಲ್ಲಮ್ಮ?"

"ಐತೆ ಮೇಡಂ."

"ಉಸಿರಿನ ಕೊಳವೆ ಒಳಗೂ ಅಂಥದ್ದೇ ಒಂದು ಬೆಲ್ಟ್ ಇರುತ್ತೆ. ಕಫಾನೇ ಆ ಬೆಲ್ಟು. ತೆಳ್ಳಗೆ ಲೋಳೆ ತರ. ಒಳಗೆ ಹೋದ ಧೂಳು, ಹೊಗೆ ಎಲ್ಲಾ ಅದಕ್ಕೆ ಅಂಟ್ಕೊಳ್ಳುತ್ತೆ. ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರ್ತವೆ. ಹಗಲೂ ರಾತ್ರಿ ಅದನ್ನ ಗಂಟಲ ಕಡೆ ತಳ್ತಾ ಇರ್ತವೆ. ಧೂಳು ಜಾಸ್ತಿ ಆದ್ರೆ ಕಫಾನೂ ಜಾಸ್ತಿ ಆಗುತ್ತೆ, ಗಟ್ಟಿ ಆಗುತ್ತೆ. ಕೂದಲು ತಳ್ಳಿ ತಳ್ಳಿ ಹಾಳಾಗ್ತವೆ. ಆಮೇಲೆ ತಳ್ಳೋರೇ ಇಲ್ಲ."

"ಬೆಲ್ಟ್ ನಿಂತ್ರೆ ಮಾಲು ಕೆಳಗೇ ರಾಶಿ ಬೀಳುತ್ತೆ" ಅಂದಳು ಲಕ್ಷ್ಮಕ್ಕ. ಬೆಲ್ಟ್ ಸಿಕ್ಕಿಕೊಂಡಾಗ ಕೆಳಗೆ ತೂರಿ ಬರಿಗೈಯಲ್ಲಿ ಜಲ್ಲಿ ಬಾಚುವವಳು ಅವಳೇ.

"ಅಷ್ಟೇ. ಅದೂ ಅಲ್ದೆ ತೀರಾ ಸಣ್ಣ ಕಲ್ಲಿನ ಪುಡಿ ಬೆಲ್ಟಿಗೂ ಸಿಗದೆ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಅಲ್ಲಿ ಗಾಯ ಮಾಡುತ್ತೆ. ಗಾಯ ಮಾಗಿದ ಜಾಗ ಗಟ್ಟಿ ಆಗುತ್ತೆ. ಅದು ಮತ್ತೆ ಮೆತ್ತಗಾಗಲ್ಲ."

"ಕಫ ನಿಂತಿತ್ತು ಮೇಡಂ. ವಾಸಿ ಆತು ಅನ್ಕೊಂಡ್ವಿ."

ಡಾಕ್ಟರು ತಲೆ ಎತ್ತಲಿಲ್ಲ. "ವಾಸಿ ಆಗಿದ್ದಲ್ಲಮ್ಮ ಅದು."

"ದಿನಾ ಬೆಲ್ಲ ತಿಂತಿದ್ರು."

"ಬೆಲ್ಲ ಹೊಟ್ಟೆಗೆ ಹೋಗುತ್ತೆ. ಧೂಳು ಹೋಗೋ ದಾರಿ ಬೇರೆ."

ಲಕ್ಷ್ಮಕ್ಕ ತನ್ನ ಕೈ ನೋಡಿಕೊಂಡಳು. ಒಂಬತ್ತು ವರ್ಷ ಬೆಲ್ಲ ಹಂಚಿದ ಕೈ. ಒಂಬತ್ತು ವರ್ಷ ವಾಲ್ವು ತಿರುಗಿಸಿದ ಕೈ. ಗಂಡನ ಮೇಲೆ ಬೀಳಬೇಕಾದ ನೀರನ್ನು ದಿನಾ ಅಡಿಕೆ ಮರಕ್ಕೆ ಬಿಟ್ಟವಳು ತಾನೇ ಎಂಬುದು ಆ ಸ್ಟೂಲಿನ ಮೇಲೆ ಕೂತಾಗ ಅವಳಿಗೆ ತಿಳಿಯಿತು. ತಿಳಿದ ಮೇಲೆ ಮೈ ಮರಗಟ್ಟಿದ ಹಾಗಾಯಿತು. ಆವತ್ತಿನಿಂದ ಹಾಗೇ ಇದೆ.

ಡಾಕ್ಟರು ಮುಂದಿನದನ್ನೂ ಹೇಳಿದರು. ಕಫ ಪರೀಕ್ಷೆ ಮಾಡಿ ಟಿಬಿ ಇಲ್ಲ ಎಂದು ಗೊತ್ತಾಗಬೇಕು. ಆಮೇಲೆ ಇದು ಕಲ್ಲಿನ ಧೂಳಿನ ಕಾಯಿಲೆ ಎಂದು ತಾವೇ ಮೇಲಕ್ಕೆ ಬರೆದು ಕಳಿಸುತ್ತಾರೆ. ಮನೆಯಲ್ಲಿ ಆಕ್ಸಿಜನ್ ಮಷಿನ್ ಇದ್ದರೆ ಇವನಿಗೆ ಸ್ವಲ್ಪ ಆರಾಮ. ಮೂಕಪ್ಪ ಎರಡು ಸಲ ಡಬ್ಬಿಯಲ್ಲಿ ಉಗುಳಿದ. ಬರೀ ಎಂಜಲು ಬಂತು. ಲ್ಯಾಬಿನ ಹೇಮಾವತಿ ಎರಡು ಸಲವೂ ವಾಪಸ್ ಕೊಟ್ಟು, "ಕಫ ಬೇಕಮ್ಮ, ಇದು ನಡೆಯಲ್ಲ" ಅಂದಳು.

ಮೂರನೆಯ ಸಲಕ್ಕೆ ರಜೆ ಕೇಳುವಾಗ ಲಕ್ಷ್ಮಕ್ಕ ತಪ್ಪು ಮಾಡಿದಳು. ಒಳ್ಳೆಯ ಸುದ್ದಿ ಹೇಳುವ ಹಾಗೆ ಪ್ರಸನ್ನಕುಮಾರನಿಗೆ ಹೇಳಿಬಿಟ್ಟಳು. "ಟಿಬಿ ಇಲ್ಲ ಅಂದ್ರೆ ಧೂಳಿಂದ ಬಂದಿದ್ದು ಅಂತ ಮೇಡಂ ಬರೀತಾರಂತೆ ಸಾರ್."

ಮಾರನೆಯ ದಿನವೇ ಗುಡಿಸಲಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಇಬ್ಬರು ಹೊತ್ತು ತಂದು ಮೂಲೆಯಲ್ಲಿ ಇಟ್ಟರು. ಆಕ್ಸಿಜನ್ ಮಷಿನ್. ಟೇಪು ಬಿಚ್ಚಬಾರದು ಅಂದರು. ಅದರ ಮರುದಿನ ಸಂಜೆ ಕಟ್ಟೆಯ ಮೇಲೆ ಈ ಡಬ್ಬಿ.

"ಮಷಿನ್ ಮನೆಗೇ ಬಂದೈತೆ" ಅಂದ ಪ್ರಸನ್ನಕುಮಾರ್. "ಇದನ್ನ ಕೊಟ್ಟು, ಟಿಬಿ ಅಂತ ಚೀಟಿ ತಗೊಂಡು ಬಾ. ಅವತ್ತೇ ಟೇಪ್ ಬಿಚ್ಚಿ ನಾನೇ ಹಾಕ್ಕೊಡ್ತೀನಿ. ಟಿಬಿ ಅಂದ್ರೆ ಸರ್ಕಾರದ ಮಾತ್ರೆ ಸಿಗ್ತವೆ. ಧೂಳು ಅಂದ್ರೆ ಏನ್ ಸಿಗುತ್ತೆ? ಕ್ರಷರ್ ಮುಚ್ತಾರೆ. ಹದಿನಾಲ್ಕು ಮನೆ ಹೊಟ್ಟೆ ಮ್ಯಾಲೆ ಹೊಡೀತೀಯ?"

"ಅವ್ರಿಗೆ ಟಿಬಿ ಇಲ್ಲ ಸಾರ್."

"ಬಡವನ ಕೋಪ ದವಡೆಗೆ ಮೂಲ, ಲಕ್ಷ್ಮಕ್ಕ. ಯೋಚ್ನೆ ಮಾಡು."

ಅವಳಿಗೆ ಕೋಪವೇ ಬಂದಿರಲಿಲ್ಲ. ದವಡೆ ಮಾತ್ರ ಇತ್ತು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಎರಡು ವರ್ಷದ ಹಿಂದೆ ಜಯದೇವಪ್ಪನ ಮನೆಯ ಜಗುಲಿಯಲ್ಲಿ ಅವಳಿಗೆ ಕೆಮ್ಮು ಬಂದಿತ್ತು. ತಡೆಯಲಾಗದೆ ಒಂದು ಹನಿ ಕಫ ನೆಲಕ್ಕೆ ಬಿದ್ದಿತ್ತು. ಜಯದೇವಪ್ಪನ ತಾಯಿ ಶಿವಗಂಗಮ್ಮ ಫಿನಾಯಿಲ್ ತರಿಸಿ, ಜಗುಲಿಯನ್ನೆಲ್ಲ ಅವಳ ಕೈಯಲ್ಲೇ ಮೂರು ಸಲ ಒರೆಸಿಸಿದ್ದರು. ಮೂರನೆಯ ಸಲ ಒರೆಸುವಾಗ ಅವಳ ಅಂಗೈ ಚರ್ಮ ಸುಲಿದಿತ್ತು. ಈಗ ಅದೇ ಮನೆಯವರಿಗೆ ಅದೇ ಕೇರಿಯವರ ಕಫ ಬೇಕು. ಡಬ್ಬಿಯಲ್ಲಿ, ಹೆಸರು ಬರೆದು, ಜೋಪಾನವಾಗಿ.

ಬೆಳಗಿನ ಜಾವ ಮೂಕಪ್ಪ ಎಂದಿನ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮಲಗಿದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಒಂದೊಂದು ಉಸಿರಿಗೂ ಕತ್ತಿನ ನರ ಎದ್ದು ಹೆಗಲು ಮೇಲಕ್ಕೆ ಹೋಗುತ್ತಿತ್ತು, ಬಾವಿಯಿಂದ ಕೊಡ ಸೇದುವವರ ಹಾಗೆ. ನೀರು ಮಾತ್ರ ಬರುತ್ತಿರಲಿಲ್ಲ. ಲಕ್ಷ್ಮಕ್ಕ ಡಬ್ಬಿಯನ್ನು ಅವನ ಮುಂದೆ ಹಿಡಿದಳು.

"ಇದು ನಿಂದಂತೆ. ಕೊಟ್ರೆ ಮಷಿನ್ ಹಾಕ್ತಾರಂತೆ."

ಅವನು ಡಬ್ಬಿಯನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದ. ಸಂತೆಯಲ್ಲಿ ಕೋಳಿ ನೋಡುವವನ ಹಾಗೆ ನೋಡಿದ. ಬಾಯಿ ಸೊಟ್ಟಗಾಯಿತು. ಅದು ನಗು ಎಂದು ಅವಳಿಗೆ ಗೊತ್ತಾಗಲು ಹೊತ್ತು ಹಿಡಿಯಿತು.

"ನಂದಲ್ಲ" ಅಂದ. ಉಸಿರು ತೆಗೆದುಕೊಂಡ. "ನಂದು ಬೂದಿ ಬಣ್ಣ." ಮತ್ತೆ ಉಸಿರು. "ಹನ್ನೊಂದು ವರ್ಷ ನೋಡೀನಿ. ಗೊತ್ತಾಗಲ್ವ ನಂಗೆ."

"ಮಷಿನ್?"

ಅವನು ಮೂಲೆಯ ಪೆಟ್ಟಿಗೆ ನೋಡಿದ. ಬಹಳ ಹೊತ್ತು ನೋಡಿದ. ಆಸೆ ಇತ್ತು ಅವನಿಗೆ. ಇಲ್ಲ ಎಂದರೆ ಸುಳ್ಳು. ನೀರು ನೋಡುವ ಬಾಯಾರಿದ ದನದ ಕಣ್ಣು ಅವು.

"ಸಾಯೋದಂತೂ ಸಾಯ್ತೀನಿ" ಅಂದ. "ನನ್ನ ರೋಗದಾಗೇ ಸಾಯ್ತೀನಿ. ಬ್ಯಾರೆಯೋರ ರೋಗ ನಂಗ್ಯಾಕೆ. ನಾನು ಟಿಬಿ ಅಂತ ಹೋದ್ರೆ, ಆ ಬಾಯಿ ಪಕ್ಕ ನಾಳೆ ಇನ್ನೊಬ್ಬನ್ನ ನಿಲ್ಲಿಸ್ತಾರೆ."

ಇಷ್ಟು ಮಾತಿಗೆ ಅವನಿಗೆ ಹತ್ತು ನಿಮಿಷ ಬೇಕಾಯಿತು. ಅವಳು ಮೊದಲ ಬಸ್ಸಿಗೆ ಹೊರಟಳು.

ಲ್ಯಾಬಿನ ಕಿಟಕಿಯಲ್ಲಿ ಹೇಮಾವತಿ ಡಬ್ಬಿ ಎತ್ತಿ ನೋಡಿದಳು. "ಪರವಾಗಿಲ್ಲ, ಈ ಸಲ ಕಫ ಬಂದಿದೆ. ಮೂಕಪ್ಪ ಅವರದ್ದು ಅಲ್ವ?"

ಹೂಂ ಅಂದರೆ ಸಾಕಿತ್ತು. ಒಂದು ಹೂಂ. ಆ ಕಡೆಗೆ ಮಷಿನ್, ಗುಡಿಸಲು, ಕೂಲಿ. ಹೂಂ ಅನ್ನುವುದು ಅವಳಿಗೆ ಹೊಸದೂ ಅಲ್ಲ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಬಂದ ಮಾತುಗಳಲ್ಲಿ ಅರ್ಧ ಅದೇ.

"ಅಲ್ಲ" ಅಂದಳು ಲಕ್ಷ್ಮಕ್ಕ. "ಹೆಸರು ಅವ್ರದು. ಕಫ ಪಾಪಣ್ಣಂದು. ಕ್ರಷರ್ನೋರು ಕೊಟ್ಟು ಕಳ್ಸಿದ್ರು."

ಹೇಮಾವತಿ ಡಬ್ಬಿಯನ್ನು ಕೆಳಗಿಟ್ಟಳು. ಒಳಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಲಕ್ಷ್ಮಕ್ಕ ಮೊದಲಿನಿಂದ ಹೇಳಿದಳು. ಎರಡು ವಾಲ್ವು, ಟವೆಲ್ ಬೀಸುವುದು, ಬೆಲ್ಲ, ಪೆಟ್ಟಿಗೆ, ಡಬ್ಬಿ. ಒಂದೇ ದನಿಯಲ್ಲಿ ಹೇಳಿದಳು, ಬೇರೆ ಯಾರದೋ ಮನೆಯ ಕಥೆಯನ್ನು ಹೇಳುವ ಹಾಗೆ. ಸಂಧ್ಯಾರಾಣಿ ಬರೆದುಕೊಂಡರು. ಓದಿ ಹೇಳಿದರು. ಅವಳು ಹೆಬ್ಬೆಟ್ಟು ಒತ್ತಿದಳು.

"ನಾಳೆ ಆಂಬುಲೆನ್ಸ್ ಕಳಿಸ್ತೀನಿ, ಅವರನ್ನ ಇಲ್ಲಿಗೇ ಕರ್ಕೊಂಡು ಬನ್ನಿ" ಅಂದರು ಡಾಕ್ಟರು. "ಉಪ್ಪುನೀರಿನ ಹಬೆ ಕೊಟ್ಟು ಕಫ ತೆಗೀಬಹುದು. ಅವರದ್ದೇ ಕಫ."

"ವಾಸಿ ಆಗುತ್ತಾ?"

"ಇಲ್ಲಮ್ಮ."

ಲಕ್ಷ್ಮಕ್ಕ ತಲೆ ಆಡಿಸಿದಳು. ಆಮೇಲೆ ಹೇಮಾವತಿಯ ಕಡೆ ತಿರುಗಿ, "ಒಂದು ಖಾಲಿ ಡಬ್ಬಿ ಕೊಡ್ರಿ" ಅಂದಳು. ಹೊರಗೆ ಬೇವಿನ ಮರದ ಕೆಳಗೆ ಹೋಗಿ ಹೊಟ್ಟೆ ಹಿಡಿದು ಕೆಮ್ಮಿದಳು. ಕಣ್ಣು ಕತ್ತಲೆ ಬರುವ ತನಕ ಕೆಮ್ಮಿದಳು. ಡಬ್ಬಿ ತಂದು ಕಿಟಕಿಯಲ್ಲಿಟ್ಟಳು. ಒಳಗೆ ಬೂದಿ ಬಣ್ಣದ ಗಟ್ಟಿ ಕಫ.

"ಇದು ನಂದು. ನನ್ನ ಹೆಸರೇ ಬರೀರಿ."

ಮಧ್ಯಾಹ್ನ ಎರಡಕ್ಕೆ ಕ್ರಷರಿಗೆ ವಾಪಸ್ ಬಂದಳು. ಪ್ರಸನ್ನಕುಮಾರ್ ಗೇಟಿನಲ್ಲೇ ನಿಂತಿದ್ದ. "ಚೀಟಿ?" ಅಂದ.

"ಪಾಪಣ್ಣಂದು ಪಾಪಣ್ಣಂದೇ ಅಂತ ಹೇಳಿ ಬಂದೆ ಸಾರ್."

ಅವನು ಬೈಯಲಿಲ್ಲ. ಫೋನ್ ತೆಗೆದು ಪಕ್ಕಕ್ಕೆ ಹೋಗಿ ಮಾತಾಡಿದ. ಆಮೇಲೆ ಇಬ್ಬರು ಆಳುಗಳನ್ನು ಕರೆದುಕೊಂಡು ಗುಡಿಸಲಿಗೆ ಹೋದ. ಅವರು ಪೆಟ್ಟಿಗೆ ಎತ್ತುವಾಗ ಮೂಕಪ್ಪ ಕಾಲು ಮಡಚಿಕೊಂಡು ದಾರಿ ಬಿಟ್ಟ. ಆಳುಗಳು ಅವನ ಮುಖ ನೋಡಲಿಲ್ಲ. ಪೆಟ್ಟಿಗೆ ಇದ್ದ ಜಾಗದಲ್ಲಿ ಚೌಕವಾಗಿ ಕರಿ ನೆಲ ಕಾಣುತ್ತಿತ್ತು. ಸುತ್ತ ಎರಡು ದಿನದ ಧೂಳು ಬೆಳ್ಳಗೆ ಕೂತಿತ್ತು.

"ನಾಳೆ ಗುಡಿಸಲು ಖಾಲಿ ಮಾಡು" ಅಂದ ಪ್ರಸನ್ನಕುಮಾರ್. "ಇವತ್ತಿನ ಕೆಲಸ ಇವತ್ತು ಮಾಡು. ಬೆಳಿಗ್ಗೆಯಿಂದ ವಾಲ್ವ್ ಹತ್ರ ಯಾರೂ ಇಲ್ಲ. ತೋಟಕ್ಕೆ ನೀರು ಸರಿಯಾಗಿ ಹೋಗ್ತೈತಾ ನೋಡು, ಹೋಗು."

ಲಕ್ಷ್ಮಕ್ಕ ಗಂಡನಿಗೆ ಒಂದು ಲೋಟ ನೀರು ಕುಡಿಸಿದಳು. ಬಾಯಿ ಒರೆಸಿದಳು. ಆಮೇಲೆ ವಾಲ್ವಿನ ಕಟ್ಟೆಗೆ ಹೋದಳು.

ತೋಟಕ್ಕೆ ನೀರು ಸರಿಯಾಗಿಯೇ ಹೋಗುತ್ತಿತ್ತು. ಬುಡಗಳೆಲ್ಲ ಒದ್ದೆಯಾಗಿ, ಗರಿ ಹಸಿರಾಗಿ, ಮರಗಳು ಆರೋಗ್ಯವಾಗಿದ್ದವು. ಅವಳು ಸ್ವಲ್ಪ ಹೊತ್ತು ಅವನ್ನು ನೋಡಿದಳು. ಎಡಗಡೆಯ ಚಕ್ರ ಹಿಡಿದು ತಿರುಗಿಸಿದಳು. ಕೊನೆಯ ತನಕ ಮುಚ್ಚಿದಳು. ಸವೆದ ನಟ್ಟನ್ನು ಬೆರಳಲ್ಲೇ ಬಿಚ್ಚಿ ಚಕ್ರ ಕಳಚಿ ಮಡಿಲಿಗೆ ಹಾಕಿಕೊಂಡಳು. ಬಲಗಡೆಯದು ತುಕ್ಕು ಹಿಡಿದು ಬಿಗಿಯಾಗಿತ್ತು. ಕಟ್ಟೆಗೆ ಕಾಲು ಕೊಟ್ಟು ಎಳೆದಳು. ಅಂಗೈ ಸುಲಿಯಿತು. ಚಕ್ರ ತಿರುಗಿತು. ಪೂರ್ತಿ ತೆರೆದಳು. ಆ ಚಕ್ರವನ್ನೂ ಕಳಚಿ ಮಡಿಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಳು.

ಪೈಪುಗಳು ಗೊರಗೊರ ಅಂದವು. ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು. ಬಂಡೆ ಬೀಳುವ ಬಾಯಿಯ ಮೇಲೆ, ಬೆಲ್ಟಿನ ಮೇಲೆ, ರಾಶಿಯ ಮೇಲೆ ಬಿತ್ತು. ಧೂಳು ಕೂತಿತು. ಗುಡ್ಡ ಕಂಡಿತು. ಇದರಿಂದ ಮೂಕಪ್ಪನಿಗೆ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಪಾಲಿನ ನೀರು ಎಂದೋ ಅಡಿಕೆಯಾಗಿ ಮಾರಿ ಹೋಗಿತ್ತು. ಅಂಗೈ ಉರಿಯುತ್ತಿತ್ತು. ಎಷ್ಟೋ ದಿನದ ಮೇಲೆ ಅವಳಿಗೆ ಏನೋ ಒಂದು ಉರಿದದ್ದು ಗೊತ್ತಾಯಿತು.

ಜನ ಕೆಲಸ ನಿಲ್ಲಿಸಿ ಮುಖದ ಟವೆಲ್ ಬಿಚ್ಚಿದರು. ಪಾಪಣ್ಣ ಪೈಪಿನ ಕೆಳಗೆ ನಿಂತು ರೋಡಿನ ಕಡೆ ಕತ್ತು ಚಾಚಿದ. ಜೀಪು ಕಾಣಲಿಲ್ಲ.

"ಯಾರ್ ಬಂದಾರೆ ಲಕ್ಷ್ಮಕ್ಕ?" ಎಂದು ಅಲ್ಲಿಂದಲೇ ಕೇಳಿದ.

ಅವಳು ಉತ್ತರ ಕೊಡುವ ಮೊದಲೇ ಪ್ರಸನ್ನಕುಮಾರ್ ಆಫೀಸಿನಿಂದ ಓಡಿ ಬಂದ. ಹೊಸ ಎಂ-ಸ್ಯಾಂಡ್ ರಾಶಿ ನೆನೆದು ಕೆಸರಾಗುತ್ತಿತ್ತು. ಮೋಟರ್ ನಿಲ್ಲಿಸಿದರೆ ರಾಶಿ ಉಳಿಯುತ್ತದೆ, ಆದರೆ ಚಕ್ರ ಸಿಗುವ ತನಕ ತೋಟಕ್ಕೆ ನೀರಿಲ್ಲ. ಅವನು ಬರಿಗೈಯಲ್ಲಿ ವಾಲ್ವಿನ ಕಡ್ಡಿ ತಿರುಗಿಸಲು ನೋಡಿದ, ಆಗಲಿಲ್ಲ.

"ನಾನು ಟವೆಲ್ ಬೀಸಿದ್ನಾ?" ಅಂದ. "ಯಾರೂ ಬಂದಿಲ್ಲ ಇವತ್ತು. ಚಕ್ರ ಕೊಡು."

"ನಾವು ಬಂದು ಹನ್ನೊಂದು ವರ್ಷ ಆತು ಸಾರ್" ಅಂದಳು ಲಕ್ಷ್ಮಕ್ಕ.

ಚಕ್ರ ಕೊಡಲಿಲ್ಲ.